ಸೋತ ಪಂದ್ಯ ಅಳಿಸಬಾರದು



ದಸರಾ ರಜೆಗೆ ಯಾದಗಿರಿಯಿಂದ ಮೊಮ್ಮಗ ಬಂದಿದ್ದ. ಈಗ ಏಳನೇ ತರಗತಿ. ಸುರಪುರದ ಬಸ್‌ಸ್ಟ್ಯಾಂಡಿನಲ್ಲಿ ಇಳಿದಾಗ ಅವನ ಒಂದು ಕೈಯಲ್ಲಿ ಬಟ್ಟೆಯ ಚೀಲ, ಇನ್ನೊಂದು ಕೈಯಲ್ಲಿ ಅವರಪ್ಪನ ಹಳೆಯ ಲ್ಯಾಪ್‌ಟಾಪ್. ಮಗಳು ಮೊದಲೇ ಫೋನ್ ಮಾಡಿ ಹೇಳಿದ್ದಳು: "ಅಪ್ಪಾ, ಅವ ಹಗಲೂ ರಾತ್ರಿ ಆ ಫುಟ್‌ಬಾಲ್ ಆಟದಾಗ ಮುಳುಗಿರ್ತಾನ. ಸ್ವಲ್ಪ ನೋಡ್ಕೋ. ಗುಡ್ಡ ಹತ್ತಿಸು, ಹೊಲಕ್ಕ ಕರ್ಕೊಂಡು ಹೋಗು."

ಎರಡು ದಿನ ಗುಡ್ಡ ಹತ್ತಿಸಿದೆ. ಹೊಲಕ್ಕೂ ಕರೆದುಕೊಂಡು ಹೋದೆ. ಮೂರನೆಯ ದಿನ ನನ್ನ ಮೊಣಕಾಲು ಮುಷ್ಕರ ಹೂಡಿತು. ಮಧ್ಯಾಹ್ನ ರೊಟ್ಟಿ, ಪುಂಡಿಪಲ್ಲೆ ಉಂಡು ಪಡಸಾಲೆಯಲ್ಲಿ ಅಡ್ಡಾದೆ. ಅವನು ಮೂಲೆಯಲ್ಲಿ ಕುಳಿತು ಲ್ಯಾಪ್‌ಟಾಪ್ ತೆರೆದ. ಬೈಯಬೇಕೆಂದು ಎದ್ದವನು, ಬೈಯುವ ಮೊದಲು ಏನು ಆಡುತ್ತಾನೋ ನೋಡೋಣ ಎಂದು ಪಕ್ಕದಲ್ಲಿ ಕುಳಿತೆ. ನಾನು ಸಿಕ್ಕಿಬಿದ್ದದ್ದು ಅಲ್ಲಿಯೇ.

ಗುಂಡಿ ಒತ್ತಿದರೆ ಆಟಗಾರರು ಓಡುತ್ತಾರೆ, ಇನ್ನೊಂದು ಗುಂಡಿ ಒತ್ತಿದರೆ ಚೆಂಡು ಒದೆಯುತ್ತಾರೆ, ಅಷ್ಟೇ ಇರಬೇಕು ಎಂದು ತಿಳಿದಿದ್ದೆ. ಅವನು ನಕ್ಕ.

"ಇದ್ರಾಗ ನಾವು ಓಡ್ಸೋದು ಇಲ್ಲ ಮುತ್ಯಾ. ನಾವು ಮಾಸ್ತರು. ಯಾರನ್ನ ಆಡಿಸಬೇಕು, ಎಲ್ಲಿ ನಿಲ್ಲಿಸಬೇಕು, ಹೆಂಗ ಆಡಬೇಕು ಅಂತ ಆರಿಸಿ ಕೊಡೋದು ನಮ್ಮ ಕೆಲಸ. ಆಮ್ಯಾಲ ಅವರು ಆಡ್ತಾರ, ನಾವು ಕುಂತು ನೋಡ್ತೀವಿ."

ಪರದೆಯ ಮೇಲೆ ಒಂದು ಹಸಿರು ಮೈದಾನ. ಅದರ ಮೇಲೆ ಹನ್ನೊಂದು ಬಿಲ್ಲೆಗಳು. ಒಂದೊಂದು ಬಿಲ್ಲೆಯ ಹಿಂದೆ ಒಬ್ಬ ಆಟಗಾರ. ಅವನ ಓಟಕ್ಕೆ ಇಷ್ಟು ಅಂಕ, ಚೆಂಡು ದಾಟಿಸುವುದಕ್ಕೆ ಇಷ್ಟು, ದಮ್ಮಿಗೆ ಇಷ್ಟು, ಧೈರ್ಯಕ್ಕೂ ಇಷ್ಟು. ನಮ್ಮ ಶಾಲೆಯ ಅಂಕಪಟ್ಟಿ ಇದ್ದ ಹಾಗೆ! ಯಾರು ಹಿಂದೆ ನಿಂತು ಗೋಲು ಕಾಯಬೇಕು, ಯಾರು ನಡುವೆ, ಯಾರು ಮುಂದೆ ಎಂಬುದನ್ನು ನಾವು ಗೊತ್ತು ಮಾಡಬೇಕು. 4-4-2 ಎಂದರೆ ಹಿಂದೆ ನಾಲ್ವರು, ನಡುವೆ ನಾಲ್ವರು, ಮುಂದೆ ಇಬ್ಬರು. ಕೂಡಿಸಿದರೆ ಹತ್ತು. ಹನ್ನೊಂದನೆಯವನು ಗೋಲ್‌ಕೀಪರ್. ಅವನನ್ನು ಲೆಕ್ಕದಲ್ಲಿ ಹೇಳುವ ವಾಡಿಕೆ ಇಲ್ಲ.

"ಹಂಗಾದ್ರ ಅಂಕ ಹೆಚ್ಚಿದ್ದವರು ಯಾವಾಗ್ಲೂ ಗೆಲ್ತಾರೇನು?" ಎಂದೆ.

"ಇಲ್ಲ ಮುತ್ಯಾ, ಒಮ್ಮೊಮ್ಮೆ ಸಣ್ಣ ತಂಡಾನೂ ಗೆಲ್ತದ."

ಅದು ಹೇಗೆ ಎಂಬುದು ಅವನಿಗೆ ಗೊತ್ತಿರಲಿಲ್ಲ. ನನಗೆ ಹೊಳೆಯಿತು. ನಾವು ಆಡುತ್ತಿದ್ದ ಚೌಕಾಬಾರ ನೆನಪಾಯಿತು. ನಾಲ್ಕು ಕವಡೆ ಹಾಕುತ್ತೇವೆ. ನಾಲ್ಕೂ ಅಂಗಾತ ಬಿದ್ದರೆ ಚೌಕಾ, ನಾಲ್ಕೂ ಬೋರಲು ಬಿದ್ದರೆ ಬಾರಾ, ಅಂದರೆ ಎಂಟು. ಕವಡೆ ಏನು ಬೀಳುತ್ತದೋ ಅದು ನಮ್ಮ ಕೈಯಲ್ಲಿಲ್ಲ. ಆದರೆ ಬಿದ್ದ ಲೆಕ್ಕಕ್ಕೆ ಯಾವ ಕಾಯಿ ನಡೆಸಬೇಕು ಎಂಬುದು ನಮ್ಮ ಕೈಯಲ್ಲಿದೆ. ಕಂಪ್ಯೂಟರಿನ ಫುಟ್‌ಬಾಲೂ ಹಾಗೆಯೇ. ಚೆಂಡು ಒಬ್ಬನಿಂದ ಒಬ್ಬನಿಗೆ ಹೋಗುವಾಗಲೆಲ್ಲ ಯಂತ್ರ ಒಳಗೊಳಗೇ ಕವಡೆ ಹಾಕುತ್ತದೆ. ಆಟಗಾರ ಒಳ್ಳೆಯವನಾದರೆ ಕವಡೆ ಅವನ ಕಡೆ ಬೀಳುವ ಸಂಭವ ಹೆಚ್ಚು. ಆದರೆ ಖಾತ್ರಿ ಇಲ್ಲ. ಅದಕ್ಕೇ ಸಣ್ಣ ತಂಡವೂ ಒಮ್ಮೊಮ್ಮೆ ಗೆಲ್ಲುತ್ತದೆ.

ಈ ತರದ ಆಟ ಹೊಸದಲ್ಲ. ಇಂಗ್ಲೆಂಡಿನ ಕೆವಿನ್ ಟಾಮ್ಸ್ ಎಂಬುವರು 1982ರಲ್ಲೇ 'ಫುಟ್‌ಬಾಲ್ ಮ್ಯಾನೇಜರ್' ಎಂಬ ಆಟ ಬರೆದು ಹೊರತಂದರು. ಆಗಿನ ಮನೆ ಕಂಪ್ಯೂಟರುಗಳಿಗೆ ಆಟಗಳು ಹಾಡಿನ ಕ್ಯಾಸೆಟ್ಟಿನಂಥ ಕ್ಯಾಸೆಟ್ಟಿನಲ್ಲಿ ಬರುತ್ತಿದ್ದವು. ಹತ್ತು ವರ್ಷದ ಮೇಲೆ, 1992ರಲ್ಲಿ, ಪಾಲ್ ಮತ್ತು ಆಲಿವರ್ ಕಾಲಿಯರ್ ಎಂಬ ಅಣ್ಣತಮ್ಮಂದಿರು ಇಂಥದೇ ಇನ್ನೊಂದು ಆಟ ಮಾಡಿದರು. ಅದರ ಹೆಸರು 'ಚಾಂಪಿಯನ್‌ಶಿಪ್ ಮ್ಯಾನೇಜರ್'.

ಅಮೆರಿಕದವರು ಫುಟ್‌ಬಾಲ್ ಎಂದು ಕರೆಯುವುದು ಬೇರೆಯೇ ಆಟ. ಅದರ ಚೆಂಡು ಮೊಟ್ಟೆಯಾಕಾರ. ಅದನ್ನು ಕೈಯಲ್ಲಿ ಹಿಡಿದು ಓಡುತ್ತಾರೆ. ನಾಲ್ಕು ಪ್ರಯತ್ನದಲ್ಲಿ ಹತ್ತು ಗಜ ಮುಂದೆ ಹೋಗಬೇಕು. ಪ್ರತಿ ಪ್ರಯತ್ನಕ್ಕೂ ಆಟ ನಿಲ್ಲುತ್ತದೆ, ಯಾವ ಹೂಟ ಹೂಡಬೇಕೆಂದು ತಂಡ ಆರಿಸಿಕೊಳ್ಳುತ್ತದೆ. ಜಾನ್ ಮ್ಯಾಡನ್ ಎಂಬ ಹೆಸರಾಂತ ತರಬೇತುದಾರರ ಹೆಸರಿನಲ್ಲಿ 1988ರಲ್ಲಿ ಅದರ ಕಂಪ್ಯೂಟರ್ ಆಟ ಬಂತು. ಆಗಿನ ಕಂಪ್ಯೂಟರಿಗೆ ಅಷ್ಟು ಜನ ಆಟಗಾರರನ್ನು ತೋರಿಸುವುದೇ ಕಷ್ಟ. ಕಡಿಮೆ ಜನರನ್ನಿಟ್ಟು ಮಾಡೋಣ ಎಂದರೆ ಮ್ಯಾಡನ್ ಒಪ್ಪಲಿಲ್ಲ. ನಿಜವಾದ ಆಟದಂತೆ ಕಡೆಗೊಂದು ಹನ್ನೊಂದು ಜನ ಇರಲೇಬೇಕು ಎಂದು ಹಟ ಹಿಡಿದರು. ಮಾಸ್ತರು ಅಂದರೆ ಹಾಗಿರಬೇಕು!

ಇರಲಿ, ನಮ್ಮ ಪಡಸಾಲೆಗೆ ಬರೋಣ. ನನಗೂ ಒಂದು ತಂಡ ಕೊಟ್ಟ. ನಾನು ಹಿಂದೆ ಐವರನ್ನು ನಿಲ್ಲಿಸಿದೆ. ನಡುವೆ ನಾಲ್ವರು. ಮುಂದೆ ಒಬ್ಬನೇ ಒಬ್ಬ. ಪಂದ್ಯ ಶುರುವಾಯಿತು. ಎಂಬತ್ತು ನಿಮಿಷ ಒಂದು ಗೋಲೂ ಆಗಲಿಲ್ಲ. ನಾನು ಮೀಸೆ ತಿರುವಿದೆ. ಎಂಬತ್ತೇಳನೇ ನಿಮಿಷಕ್ಕೆ ಅವರು ಒಂದು ಗೋಲು ಹೊಡೆದರು. ಸೋತೆ, 0-1.

ಮರುದಿನ ಮತ್ತೆ ಅದೇ ಏರ್ಪಾಡು. ಮತ್ತೆ 0-1. ಅದರ ಮರುದಿನ 0-2. ನಾಲ್ಕನೇ ಪಂದ್ಯಕ್ಕೆ ಆರು ಜನರನ್ನು ಹಿಂದೆ ನಿಲ್ಲಿಸಲು ಹೊರಟೆ. ಮೊಮ್ಮಗ ನನ್ನ ಕೈ ಹಿಡಿದ.

"ಮುತ್ಯಾ, ನೀ ಗೋಲ್ ಆಗಬಾರ್ದು ಅಂತ ಆಡ್ತಿ. ಗೋಲ್ ಹೊಡೀಬೇಕು ಅಂತ ಆಡಂಗಿಲ್ಲ."

ಆ ಮಾತು ಎಲ್ಲಿಗೋ ನಾಟಿತು. ಎಲ್ಲಿಗೆ ಎಂಬುದನ್ನು ಆಮೇಲೆ ಹೇಳುತ್ತೇನೆ.

ಅವನದು ಬೇರೆ ಗುಣ. ಅವನ ತಂಡ ಮುಂದೆ ನುಗ್ಗುತ್ತಿತ್ತು, ಗೋಲು ಹೊಡೆಯುತ್ತಿತ್ತು. ಪಟ್ಟಿಯಲ್ಲಿ ಅವನ ತಂಡವೇ ಮೇಲೆ. ಒಂದೂ ಸೋಲಿಲ್ಲ. ಇದೇನು ಇಷ್ಟು ಜಾಣ ಎಂದು ನಾನು ಹಿಗ್ಗುತ್ತಿದ್ದೆ. ಒಂದು ಸಂಜೆ ಹಿಂದಿನಿಂದ ನೋಡಿದೆ. ಅವನ ತಂಡ 3-0ಯಿಂದ ಸೋಲುತ್ತಿತ್ತು. ಪಂದ್ಯ ಮುಗಿಯುವ ಮೊದಲೇ ಅವನು ಆಟ ಮುಚ್ಚಿದ. ಪಂದ್ಯಕ್ಕೆ ಮೊದಲು ಸೇವ್ ಮಾಡಿಟ್ಟ ಜಾಗದಿಂದ ಮತ್ತೆ ತೆರೆದ. ಮತ್ತೆ ಆಡಿದ, ಮತ್ತೆ ಸೋತ. ಮತ್ತೆ ಮುಚ್ಚಿದ. ಮೂರನೇ ಸಲಕ್ಕೆ ಕವಡೆ ಅವನ ಕಡೆ ಬಿತ್ತು. ಗೆದ್ದ. ಆಗ ಸೇವ್ ಮಾಡಿದ.

"ಮೊದಲಿನ ಎರಡು ಪಂದ್ಯ ಎಲ್ಲಿ ಹೋದ್ವು ತಮ್ಮಾ?" ಎಂದೆ.

"ಅವು ಆಗೇ ಇಲ್ಲ ಮುತ್ಯಾ. ಅಳಿಸಿಬಿಟ್ಟೆ."

"ಯಾಕ?"

ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಹೇಳಿದ, "ಸೋತದ್ದು ಪಟ್ಟಿಯಾಗ ಇದ್ರ ನನಗ ನೋಡಾಕ ಆಗಂಗಿಲ್ಲ."

ಮುಖ ನೋಡಿದೆ. ಇದು ಬರೀ ಆಟದ ಮಾತಲ್ಲ ಅನ್ನಿಸಿತು. ಮೆಲ್ಲಗೆ ಕೇಳಿದೆ. ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಗಣಿತ ಕೆಟ್ಟಿತ್ತು. ಉತ್ತರಪತ್ರಿಕೆ ಮನೆಯಲ್ಲಿ ತೋರಿಸಿರಲಿಲ್ಲ. ನಾಲ್ಕಾಗಿ ಮಡಚಿ ಅದೇ ಲ್ಯಾಪ್‌ಟಾಪಿನ ಚೀಲದ ತಳದಲ್ಲಿ ಇಟ್ಟುಕೊಂಡು ಸುರಪುರದ ತನಕ ಹೊತ್ತು ತಂದಿದ್ದ. ಅದನ್ನು ಮಾತ್ರ ಅಳಿಸಲು ಆಗಿರಲಿಲ್ಲ, ಪಾಪ.

ಬೈಯಲೋ, ಸಮಾಧಾನ ಮಾಡಲೋ ಎಂದು ನಾನು ಯೋಚಿಸುವಷ್ಟರಲ್ಲಿ ಕರೆಂಟ್ ಹೋಯಿತು. ಹಳೆಯ ಲ್ಯಾಪ್‌ಟಾಪಿನ ಬ್ಯಾಟರಿಗೆ ಹತ್ತು ನಿಮಿಷದ ಆಯುಷ್ಯ. ಅದೂ ಮುಗಿಯಿತು. ಕತ್ತಲೆಯಲ್ಲಿ ಕಟ್ಟೆಯ ಮೇಲೆ ಬಂದು ಕುಳಿತೆವು. ಅಲ್ಲಿ ನಾನು ಅವನಿಗೊಂದು ಕತೆ ಹೇಳಿದೆ. ಕಟ್ಟುಕತೆಯಲ್ಲ, ನಡೆದದ್ದು. ನಿಮಗೂ ಹೇಳುತ್ತೇನೆ.

ನಮ್ಮ ಯಾದಗಿರಿ, ಶಹಾಪುರ, ಸುರಪುರ ಈಗ ಕರ್ನಾಟಕ. ಆದರೆ 1956ರ ನವೆಂಬರ್ 1ರವರೆಗೆ ಇವೆಲ್ಲ ಹೈದರಾಬಾದ್ ರಾಜ್ಯದ ಗುಲ್ಬರ್ಗಾ ಜಿಲ್ಲೆಯಲ್ಲಿದ್ದವು. ನಮ್ಮ ತಂದೆ ವ್ಯಾಪಾರದ ಕೆಲಸಕ್ಕೆ ಯಾದಗಿರಿಯಲ್ಲಿ ರೈಲು ಹತ್ತಿ, ವಾಡಿಯ ಮೇಲೆ ಹಾಯ್ದು ಹೈದರಾಬಾದಿಗೆ ಹೋಗಿ ಬರುತ್ತಿದ್ದರು. ಅಲ್ಲಿಂದ ಅವರು ತಂದ ಸುದ್ದಿಗಳಲ್ಲಿ ರಹೀಂ ಸಾಬರ ಸುದ್ದಿ ಒಂದು.

ಸೈಯದ್ ಅಬ್ದುಲ್ ರಹೀಂ ಹೈದರಾಬಾದಿನವರು. ಶಾಲಾ ಮಾಸ್ತರರು. ಆಮೇಲೆ ಫುಟ್‌ಬಾಲಿನ ಮಾಸ್ತರರಾದರು. ಅವರು ತಯಾರು ಮಾಡಿದ ಹೈದರಾಬಾದ್ ಸಿಟಿ ಪೊಲೀಸ್ ತಂಡ ಮುಂಬಯಿಯ ರೋವರ್ಸ್ ಕಪ್ಪನ್ನು 1950ರಿಂದ 1954ರವರೆಗೆ ಐದು ವರ್ಷ ಬಿಡದೆ ಗೆದ್ದಿತು. ರಹೀಂ ಸಾಬರು ಭಾರತ ತಂಡಕ್ಕೂ ತರಬೇತುದಾರರು. 1951ರಲ್ಲಿ ದೆಹಲಿಯ ಮೊದಲ ಏಷ್ಯನ್ ಕ್ರೀಡಾಕೂಟದಲ್ಲಿ ಭಾರತಕ್ಕೆ ಫುಟ್‌ಬಾಲ್ ಚಿನ್ನ. 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ನಾಲ್ಕನೇ ಸ್ಥಾನ. ಅಲ್ಲಿ ನೆವಿಲ್ ಡಿಸೋಜಾ ಆಸ್ಟ್ರೇಲಿಯದ ಮೇಲೆ ಒಂದೇ ಪಂದ್ಯದಲ್ಲಿ ಮೂರು ಗೋಲು ಹೊಡೆದರು.

ಈಗ ಮುಖ್ಯ ಕತೆ. 1962, ಜಕಾರ್ತದ ಏಷ್ಯನ್ ಕ್ರೀಡಾಕೂಟ. ರಹೀಂ ಸಾಬರ ಮೈಯಲ್ಲಿ ಆಗಲೇ ಕ್ಯಾನ್ಸರ್ ಇತ್ತು. ಭಾರತ ಮೊದಲ ಪಂದ್ಯದಲ್ಲೇ ದಕ್ಷಿಣ ಕೊರಿಯಾಕ್ಕೆ 0-2ರಿಂದ ಸೋತಿತು.

"ಆಮ್ಯಾಲ?" ಎಂದ ಮೊಮ್ಮಗ.

ಆಮೇಲೆ ಏನು? ಸೇವ್ ಮಾಡಿದ ಕಡೆಯಿಂದ ಮತ್ತೆ ತೆರೆಯಲು ಆಗುತ್ತದೆಯೇ? ಸೋಲು ಪಟ್ಟಿಯಲ್ಲಿ ಉಳಿಯಿತು. ಮುಂದಿನ ಪಂದ್ಯದಲ್ಲಿ ಥಾಯ್ಲೆಂಡನ್ನು 4-1ರಿಂದ ಗೆದ್ದರು. ಆದರೆ ಆ ಪಂದ್ಯದಲ್ಲಿ ಜರ್ನೈಲ್ ಸಿಂಗ್ ಅವರ ತಲೆಗೆ ಪೆಟ್ಟು ಬಿದ್ದು ಹೊಲಿಗೆ ಹಾಕಬೇಕಾಯಿತು. ಜರ್ನೈಲ್ ಅಂದರೆ ಹಿಂದೆ ನಿಂತು ಕಾಯುವವರಲ್ಲಿ ಗಟ್ಟಿ ಆಳು. ಅವರಿಲ್ಲದೆ ಜಪಾನನ್ನು 2-0ರಿಂದ ಗೆದ್ದು ಸೆಮಿಫೈನಲ್ ತಲುಪಿದರು.

ತಲೆಗೆ ಪಟ್ಟಿ ಕಟ್ಟಿದ ಕಾವಲುಗಾರನನ್ನು ಏನು ಮಾಡಬೇಕು? ನಾನಾಗಿದ್ದರೆ ಮನೆಯಲ್ಲಿ ಮಲಗಿಸುತ್ತಿದ್ದೆ. ಇಲ್ಲದಿದ್ದರೆ ಮತ್ತೆ ಹಿಂದೆಯೇ ನಿಲ್ಲಿಸುತ್ತಿದ್ದೆ. ರಹೀಂ ಸಾಬರು ಅವರನ್ನು ತಂಡದ ಮುಂದಕ್ಕೆ ತಂದು ನಿಲ್ಲಿಸಿದರು! ಗೋಲು ಕಾಯುವವನಿಗೆ ಗೋಲು ಹೊಡೆಯುವ ಕೆಲಸ. ಸೆಮಿಫೈನಲ್ಲಿನಲ್ಲಿ ದಕ್ಷಿಣ ವಿಯೆಟ್ನಾಂ ಮೇಲೆ ಭಾರತ 3-2ರಿಂದ ಗೆದ್ದಿತು. ಅದರಲ್ಲಿ ಜರ್ನೈಲ್ ಅವರದೂ ಒಂದು ಗೋಲು.

ಸೆಪ್ಟೆಂಬರ್ 4, ಫೈನಲ್. ಎದುರಿಗೆ ಯಾರು ಗೊತ್ತೇ? ಅದೇ ದಕ್ಷಿಣ ಕೊರಿಯಾ! ಮೊದಲು ಪಿ.ಕೆ. ಬ್ಯಾನರ್ಜಿ ಗೋಲು ಹೊಡೆದರು. ಸ್ವಲ್ಪ ಹೊತ್ತಿಗೇ ಜರ್ನೈಲ್ ಸಿಂಗ್ ಇನ್ನೊಂದು ಹೊಡೆದರು. ಕೊರಿಯಾದವರು ಕೊನೆಗೆ ಒಂದು ತೀರಿಸಿದರು. ಭಾರತ 2-1ರಿಂದ ಗೆದ್ದಿತು. ಚುನಿ ಗೋಸ್ವಾಮಿ ನಾಯಕರಾಗಿದ್ದ ಆ ತಂಡಕ್ಕೆ ಚಿನ್ನ. ಅಲ್ಲಿಂದ ಈಚೆಗೆ ಏಷ್ಯನ್ ಕ್ರೀಡಾಕೂಟದ ಫುಟ್‌ಬಾಲ್ ಚಿನ್ನ ನಮಗೆ ಸಿಕ್ಕಿಲ್ಲ. ರಹೀಂ ಸಾಬರು 1963ರ ಜೂನ್‌ನಲ್ಲಿ ತೀರಿಕೊಂಡರು. ಅವರ ಮೇಲೆ 'ಮೈದಾನ್' ಎಂಬ ಹಿಂದಿ ಸಿನಿಮಾ 2024ರಲ್ಲಿ ಬಂತು.

ಕತ್ತಲೆಯಲ್ಲಿ ಮೊಮ್ಮಗ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದ, "ಮೊದಲ ಪಂದ್ಯ ಅಳಿಸಿದ್ರ ರಹೀಂ ಸಾಬರಿಗೆ ಕೊರಿಯಾ ಹೆಂಗ ಆಡ್ತದ ಅಂತ ಗೊತ್ತಾಗ್ತಿದ್ದಿಲ್ಲ, ಅಲ್ಲ ಮುತ್ಯಾ?"

ಇದನ್ನು ನಾನು ಹೇಳಿಕೊಟ್ಟದ್ದಲ್ಲ. ಅವನೇ ಹೇಳಿದ.

ಮರುದಿನ ಬೆಳಿಗ್ಗೆ ನಾವಿಬ್ಬರೂ ಒಂದು ಕರಾರು ಮಾಡಿಕೊಂಡೆವು. ದಿನಕ್ಕೆ ಒಬ್ಬರಿಗೆ ಒಂದೇ ಪಂದ್ಯ. ಪಂದ್ಯಕ್ಕೆ ಮೊದಲು ಯಾರನ್ನು ಎಲ್ಲಿ ನಿಲ್ಲಿಸುತ್ತೇವೆ, ಯಾಕೆ ನಿಲ್ಲಿಸುತ್ತೇವೆ ಎಂದು ನೋಟುಬುಕ್ಕಿನಲ್ಲಿ ಬರೆಯಬೇಕು. ಸೋತರೆ ಅಳಿಸುವಂತಿಲ್ಲ. ಸೋತದ್ದು ಯಾಕೆ ಎಂದು ಒಂದು ಸಾಲು ಬರೆದು, ಮುಂದಿನ ಪಂದ್ಯಕ್ಕೆ ಒಂದೇ ಒಂದು ಬದಲಾವಣೆ ಮಾಡಬೇಕು. ನನಗೊಂದು ಬೇರೆ ಕರಾರು: ಮುಂದೆ ಮೂವರಿಗೆ ಕಡಿಮೆ ನಿಲ್ಲಿಸುವಂತಿಲ್ಲ.

ಮೊದಲ ದಿನವೇ ಅವನು 0-3ರಿಂದ ಸೋತ. ಬೆರಳು ಗುಂಡಿಯ ಹತ್ತಿರ ಹೋಯಿತು. ನನ್ನ ಮುಖ ನೋಡಿದ. ಬೆರಳು ಹಿಂದಕ್ಕೆ ತೆಗೆದುಕೊಂಡ. ಅಂದು ರಾತ್ರಿ ಸರಿಯಾಗಿ ಉಣ್ಣಲಿಲ್ಲ, ನಿಜ. ಆದರೆ ನೋಟುಬುಕ್ಕಿನಲ್ಲಿ ಬರೆದ: 'ಎಡಗಡೆ ಯಾರೂ ಕಾಯಲಿಲ್ಲ. ಮೂರೂ ಗೋಲು ಅಲ್ಲಿಂದಲೇ ಬಂದವು.' ಮುಂಚೆ ಅಳಿಸಿಹಾಕುತ್ತಿದ್ದವನಿಗೆ ಇದು ಕಂಡೇ ಇರಲಿಲ್ಲ. ಮರುದಿನ ಎಡಗಡೆಗೆ ಒಬ್ಬನನ್ನು ಹಾಕಿದ. 1-1. ಆ ಒಂದು ಸಮಬಲಕ್ಕೆ ಅವನು ಕುಣಿದಷ್ಟು, ಅಳಿಸಿ ಅಳಿಸಿ ಗೆದ್ದಾಗ ಕುಣಿದಿರಲಿಲ್ಲ.

ನಾನು? ಮೂವರನ್ನು ಮುಂದೆ ನಿಲ್ಲಿಸಿ 2-4ರಿಂದ ಸೋತೆ. ಆದರೆ ಎರಡು ಗೋಲು ಹೊಡೆದಿದ್ದೆ! ನಮ್ಮ ಮನೆಯಾಕೆ ಅಡುಗೆಮನೆಯಿಂದ ಓಡಿ ಬಂದಳು, ಮುದುಕನಿಗೆ ಏನಾಯಿತೋ ಎಂದು.

ಗಣಿತದ ಉತ್ತರಪತ್ರಿಕೆಯನ್ನೂ ಬಿಚ್ಚಿ ಚಾಪೆಯ ಮೇಲೆ ಹರವಿದೆವು. ಅಲ್ಲಿಯೂ ಒಂದು ಎಡಗಡೆ ಇತ್ತು. ಮೂರೂ ಗೋಲು ಭಿನ್ನರಾಶಿಯಿಂದಲೇ ಬಂದಿದ್ದವು. ಉಳಿದ ದಿನ ಬೆಳಿಗ್ಗೆ ಭಿನ್ನರಾಶಿ, ಸಂಜೆ ಫುಟ್‌ಬಾಲ್.

ಇನ್ನು ಅವನ ಮಾತು ನನಗೆ ನಾಟಿದ್ದು ಎಲ್ಲಿ ಎಂದು ಹೇಳುತ್ತೇನೆ ಅಂದಿದ್ದೆನಲ್ಲ.

ರಜೆ ಮುಗಿದು ಅವನನ್ನು ಬಿಡಲು ಯಾದಗಿರಿಗೆ ಹೊರಟೆ. ಶಹಾಪುರದ ಹತ್ತಿರ ಬುದ್ಧ ಮಲಗಿದ ಬೆಟ್ಟ ಕಂಡಿತು. ಮೊಮ್ಮಗ ಕಿಟಕಿಯಿಂದ ಬುದ್ಧನ ಹಣೆ, ಮೂಗು, ಗದ್ದ ಎಂದು ಬೆರಳಿನಿಂದ ತೋರಿಸುತ್ತಿದ್ದ. ಅವನ ತಾಯಿಯೂ ಸಣ್ಣವಳಿದ್ದಾಗ ಹೀಗೆಯೇ ತೋರಿಸುತ್ತಿದ್ದಳು. ಅವಳಿಗೆ ಲೆಕ್ಕ ಅಂದರೆ ಪ್ರಾಣ. ಹತ್ತನೇ ತರಗತಿ ಮುಗಿದಾಗ ಕಲಬುರ್ಗಿಯ ಹಾಸ್ಟೆಲಿನಲ್ಲಿದ್ದು ವಿಜ್ಞಾನ ಓದುತ್ತೇನೆ ಎಂದಿದ್ದಳು. ನಾನು ಬೇಡ ಎಂದೆ. ಊರಲ್ಲೇ ಇರು, ಇಲ್ಲಿ ಇರುವುದನ್ನೇ ಓದು ಎಂದೆ. ಏನಾದರೂ ಆದೀತು ಎಂಬ ಹೆದರಿಕೆ. ಗೋಲು ಆಗಬಾರದು ಎಂದು ಆಡಿದೆ.

ಈಗ ಅವಳ ಹಿರಿಯ ಮಗಳು ಹತ್ತನೇ ತರಗತಿ. ಅವಳಿಗೂ ಕಲಬುರ್ಗಿಗೆ ಹೋಗುವ ಆಸೆ. ಅಳಿಯಂದಿರು ಅರೆಮನಸ್ಸಿನಲ್ಲಿ "ನಿಮ್ಮಪ್ಪಾಜಿ ಏನಂತಾರ ಕೇಳು" ಎಂದಿದ್ದರಂತೆ. ಅಂದು ರಾತ್ರಿ ಊಟಕ್ಕೆ ಬಡಿಸುತ್ತ ಮಗಳು ಕೇಳಿದಳು. ನಾನು ಏನು ಹೇಳುವೆನೆಂದು ಅವಳಿಗೆ ಗೊತ್ತೇ ಇತ್ತು ಎಂಬಂತೆ ತಲೆ ತಗ್ಗಿಸಿಕೊಂಡೇ ಕೇಳಿದಳು.

"ಕಳಿಸವ್ವಾ," ಎಂದೆ. "ನಾನ ಹೋಗಿ ಹಾಸ್ಟೆಲ್ ನೋಡ್ಕೊಂಡು ಬರ್ತೀನಿ."

ಬಡಿಸುತ್ತಿದ್ದ ಕೈ ನಿಂತಿತು. "ಅಪ್ಪಾ, ನನಗ ಯಾಕ ಬ್ಯಾಡ ಅಂದಿದ್ದಿ ಅವತ್ತು?"

"ಅವತ್ತಿಂದು ನಾ ಸೋತ ಪಂದ್ಯ ಯವ್ವಾ. ಅಳಿಸಾಕ ಬರಂಗಿಲ್ಲ."

ಅವಳು ಏನೂ ಹೇಳಲಿಲ್ಲ. ನನ್ನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿ, ಶೇಂಗಾಹಿಂಡಿ ಹಾಕಿ, ಒಳಗೆ ಹೋದಳು. ಮೊಮ್ಮಗ ಆಗ ಎದ್ದು ಚೀಲದಿಂದ ಮಡಚಿದ ಉತ್ತರಪತ್ರಿಕೆ ತೆಗೆದು ತಾಯಿಯ ಹಿಂದೆಯೇ ಅಡುಗೆಮನೆಗೆ ಹೋದ. ಒಳಗಿಂದ ಮೊದಲು ಬೈಗುಳ ಕೇಳಿಸಿತು. ಸ್ವಲ್ಪ ಹೊತ್ತಿನ ಮೇಲೆ ಭಿನ್ನರಾಶಿ ಹೇಳಿಕೊಡುವ ದನಿ ಕೇಳಿಸಿತು.

ಮಕ್ಕಳೇ, ಈ ವಾರ ನಿಮಗೊಂದು ಕೆಲಸ. ನೀವು ಆಡುವ ಆಟಕ್ಕೆ ಅಜ್ಜನನ್ನೋ ಅಜ್ಜಿಯನ್ನೋ ಒಂದು ದಿನ ಮಾಸ್ತರ್ ಮಾಡಿ. ಕಂಪ್ಯೂಟರ್ ಇಲ್ಲದಿದ್ದರೆ ಚೌಕಾಬಾರ ಸಾಕು, ನಾಲ್ಕು ಕವಡೆ ಇದ್ದರೆ ಆಯಿತು. ಆಡುವ ಮುಂಚೆ ಏನು ಆರಿಸಿಕೊಂಡಿರಿ, ಸೋತರೆ ಮುಂದಿನ ಸಲ ಏನು ಬದಲಿಸಿದಿರಿ ಎಂದು ಒಂದು ಹಾಳೆಯಲ್ಲಿ ಬರೆದಿಡಿ. ಅಜ್ಜ-ಅಜ್ಜಿಯರೇ, ಕಣ್ಣು ಕಾಣುವುದಿಲ್ಲ, ಕೈ ನಡುಗುತ್ತದೆ ಎಂದು ತಪ್ಪಿಸಿಕೊಳ್ಳಬೇಡಿ. ಓಡುವವರು ಬೇರೆ ಇದ್ದಾರೆ, ನಾವು ಆರಿಸಿಕೊಟ್ಟರೆ ಸಾಕು.

ನನ್ನ ತಂಡ ಈಗ ಪಟ್ಟಿಯಲ್ಲಿ ಕೆಳಗಿನಿಂದ ಎರಡನೆಯದು. ನಿನ್ನೆ ಮೊಮ್ಮಗ ಫೋನ್ ಮಾಡಿದ್ದ. ದೀಪಾವಳಿಗೆ ಬರುತ್ತಾನಂತೆ, ಅಲ್ಲಿಯವರೆಗೆ ಆಟ ಹಾಗೇ ಇಟ್ಟಿರುತ್ತಾನಂತೆ. ಹಿಂದಿನವರಲ್ಲಿ ಒಬ್ಬನನ್ನು ಮುಂದಕ್ಕೆ ತರಬೇಕೆಂದು ನಾನು ಇಲ್ಲಿ ನೋಟುಬುಕ್ಕಿನಲ್ಲಿ ಬರೆದಿಟ್ಟಿದ್ದೇನೆ.